ಮರೆವಿನ ಮನೆಗೆ ಆರು ಪ್ರಮಾಣ

ಶಾಸ್ತ್ರಗ್ರಂಥ ಎಂದಮೇಲೆ ಮೊದಲಿಗೆ ಅನುಬಂಧ ಚತುಷ್ಟಯ ಹೇಳಬೇಕು, ಇಲ್ಲವಾದರೆ ಪಂಡಿತರು ಪುಸ್ತಕ ಮುಟ್ಟುವುದಿಲ್ಲ. ವಿಷಯ: ಡಿಮೆನ್ಷಿಯಾ ಬಂದ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯ ಗುಣದೋಷ ತಿಳಿಯುವ ಬಗೆ. ಪ್ರಯೋಜನ: ತಿಂಗಳು ತಿಂಗಳೂ ದುಡ್ಡು ಕಟ್ಟಿಯೂ ಮೋಸ ಹೋಗದಿರುವುದು. ಸಂಬಂಧ: ತಾಯಿ ಮಕ್ಕಳದ್ದು; ಅತ್ತೆ ಸೊಸೆಯದ್ದಾದರೆ ಗ್ರಂಥ ಇನ್ನೆರಡು ಸಂಪುಟ ಬೆಳೆಯುತ್ತದೆ. ಉಳಿದದ್ದು ಅಧಿಕಾರಿ, ಎಂದರೆ ಈ ವಿಚಾರಕ್ಕೆ ಕೈ ಹಾಕಲು ಅರ್ಹರಾದವರು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಇವರು ನಾಲ್ಕು ಬಗೆ. ಹಿಂದಿನವರು ಕರ್ಮಗಳನ್ನು ವಿಂಗಡಿಸಿದ ಕ್ರಮದಲ್ಲೇ ಇವರನ್ನೂ ವಿಂಗಡಿಸಬಹುದು.

ಅಧಿಕಾರಿ ಭೇದ

ನಿತ್ಯಾಧಿಕಾರಿ: ಹಟ್ಟಿಯಲ್ಲೇ ಇದ್ದು, ರಾತ್ರಿ ಎರಡು ಗಂಟೆಗೆ ಚಿಲಕ ತೆಗೆದ ಸದ್ದಿಗೆ ಎದ್ದು, ಒದ್ದೆ ಹಾಸಿಗೆ ಬದಲಿಸುವವಳು. ಬಹುತೇಕ ಸೊಸೆ, ಕೆಲವು ಕಡೆ ಮಗಳು. ಮುದ್ದೆ ಎಷ್ಟು ಮೆದುವಾದರೆ ಅತ್ತೆಯ ಗಂಟಲಲ್ಲಿ ಇಳಿಯುತ್ತದೆ ಎಂಬುದರಿಂದ ಹಿಡಿದು ಎಲ್ಲ ಬಲ್ಲವಳು. ಮನೆ ನೋಡಲು ಹೊರಟ ಕಾರಿನಲ್ಲಿ ಮಾತ್ರ ಅವಳಿಗೆ ಜಾಗ ಇರುವುದಿಲ್ಲ.

ನೈಮಿತ್ತಿಕಾಧಿಕಾರಿ: ಯುಗಾದಿಗೆ, ಗೌರಿಹಬ್ಬಕ್ಕೆ, ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಬೆಂಗಳೂರಿನಿಂದ ಬರುವ ಮಗ. ನಿರ್ಧಾರವೆಲ್ಲ ಇವನದು. ಇವನ ಮುಂದೆ ಅವ್ವ ಅರ್ಧ ಗಂಟೆ ಚೊಕ್ಕವಾಗಿ ಮಾತಾಡುತ್ತಾಳೆ. “ಚೆನ್ನಾಗೇ ಅವ್ಳಲ್ಲ” ಎಂದು ಇವನು ಅತ್ತಿಗೆಯ ಮುಖ ನೋಡುತ್ತಾನೆ.

ಕಾಮ್ಯಾಧಿಕಾರಿ: ಪಹಣಿಯ ಮೇಲೆ ಕಣ್ಣಿಟ್ಟವನು. ಇವನಿಗೆ ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ 23ನೇ ಕಲಂ ಓದಿ ಹೇಳಬೇಕು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿ, ನೋಡಿಕೊಳ್ಳದೆ ಹೋದರೆ ರದ್ದಾಗಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ಮುಂದೆ.

ನಿಷಿದ್ಧಾಧಿಕಾರಿ: ಜಗಲಿ ಮೇಲೆ ಕೂತು “ಎತ್ತವ್ವನ್ನೇ ಆಶ್ರಮಕ್ಕ ಆಕ್ಬುಟ್ರಂತ ಕನಾ” ಎನ್ನುವವರು. ಸಂಖ್ಯೆಯಲ್ಲಿ ಇವರೇ ಹೆಚ್ಚು. ಒಂದು ರಾತ್ರಿ ಬಂದು ಕಾವಲು ಕೂತವರು ಇವರಲ್ಲಿ ಒಬ್ಬರೂ ಇಲ್ಲ.

ಪೂರ್ವಪಕ್ಷ

ನಿಷಿದ್ಧಾಧಿಕಾರಿಗಳ ಆಕ್ಷೇಪ ಹೀಗೆ: ಅರವತ್ತಕ್ಕೆ ಅರಳು ಮರುಳು ಎಂಬ ಗಾದೆಯೇ ಉಂಟು, ನಮ್ಮ ಅಜ್ಜಿಯರನ್ನು ಹಟ್ಟಿಯಲ್ಲೇ ನೋಡಿಕೊಳ್ಳಲಿಲ್ಲವೇ?

ಸಮಾಧಾನ: ಇದು ವಯಸ್ಸಿನ ಸಹಜಗುಣವಲ್ಲ, ಮಿದುಳಿನ ಕಾಯಿಲೆ. ಅಲೋಯಿಸ್ ಆಲ್ಜೈಮರ್ ಎಂಬ ಜರ್ಮನ್ ವೈದ್ಯ 1906ರಲ್ಲೇ ಟ್ಯೂಬಿಂಗನ್ನಿನ ಸಭೆಯಲ್ಲಿ ಇದರ ಒಂದು ಬಗೆಯನ್ನು ವಿವರಿಸಿದ್ದ. ಈಚಿನ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಒಟ್ಟು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಿಂದೆ ಹಟ್ಟಿಯಲ್ಲಿ ಹತ್ತು ಜನ ಇದ್ದರು, ಹತ್ತರಲ್ಲಿ ಒಬ್ಬರ ಕಣ್ಣು ಅಜ್ಜಿಯ ಮೇಲಿರುತ್ತಿತ್ತು. ಈಗ ಮಗ ನಂಜನಗೂಡಿನ ಫ್ಯಾಕ್ಟರಿಯ ಶಿಫ್ಟಿನಲ್ಲಿ, ಸೊಸೆ ಚೆಂಡುಹೂ ಬಿಡಿಸುವ ಕೂಲಿಯಲ್ಲಿ, ಮೊಮ್ಮಗಳು ಕಾಲೇಜಿನಲ್ಲಿ. ಹಟ್ಟಿಯಲ್ಲಿ ಉಳಿಯುವುದು ಅಜ್ಜಿ ಮತ್ತು ಗ್ಯಾಸ್ ಒಲೆ.

ಗುಂಡ್ಲುಪೇಟೆಯಿಂದ ಹೊರಡುವ ದಾರಿಗಳಲ್ಲಿ ಊಟಿಯದೂ ವಯನಾಡಿನದೂ ಬಂಡೀಪುರದ ಪ್ರಾಣಿಗಳಿಗಾಗಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತವೆ. ಡಿಮೆನ್ಷಿಯಾ ಮನೆ ಹುಡುಕುವವರು ಹಿಡಿಯುವುದು ಮೈಸೂರು, ಬೆಂಗಳೂರಿನ ದಾರಿ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಇದಕ್ಕೆಂದೇ ಕೇಂದ್ರ ತೆರೆಯಿತು. ಆಮೇಲೆ ಬಣ್ಣಬಣ್ಣದ ಬೋರ್ಡುಗಳು ಬಹಳ ಎದ್ದಿವೆ. ಬೋರ್ಡು ಹೆಚ್ಚಿದಲ್ಲಿ ಶಾಸ್ತ್ರ ಬೇಕಾಗುತ್ತದೆ.

ಲಕ್ಷಣ

ಒಳ್ಳೆಯ ಮನೆಗೆ ಲಕ್ಷಣ ಹೇಳಹೊರಟವರು ಮೂರು ದೋಷಗಳಲ್ಲಿ ಒಂದಕ್ಕಾದರೂ ಬೀಳುತ್ತಾರೆ. “ಹಿರಿಯರನ್ನು ನೋಡಿಕೊಳ್ಳುವ ಮನೆ” ಎಂದರೆ ಅತಿವ್ಯಾಪ್ತಿ: ವೃದ್ಧಾಶ್ರಮವೂ ಅದರೊಳಗೆ ಬಂತು, ಆದರೆ ಬಹಳಷ್ಟು ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ. “ಡಾಕ್ಟರು ಸದಾ ಇರುವ ಮನೆ” ಎಂದರೆ ಅವ್ಯಾಪ್ತಿ: ವಾರಕ್ಕೊಮ್ಮೆ ಡಾಕ್ಟರು ಬಂದುಹೋಗುವ ಒಳ್ಳೆಯ ಮನೆಗಳು ಬಿಟ್ಟುಹೋದವು. “ಕಾಯಿಲೆ ವಾಸಿ ಮಾಡುವ ಮನೆ” ಎಂದರೆ ಅಸಂಭವ. ಹಾಗೆ ಬೋರ್ಡು ಹಾಕಿದ ಕಡೆ ಕಾರು ನಿಲ್ಲಿಸುವುದೇ ಬೇಡ. ದೋಷವಿಲ್ಲದ ಲಕ್ಷಣ ಇದು: ಒಂದೇ ಪ್ರಶ್ನೆಗೆ ನಲವತ್ತನೇ ಸಲವೂ ಮೊದಲ ಸಲದ ದನಿಯಲ್ಲೇ ಉತ್ತರ ಸಿಗುವ ಮನೆ ಒಳ್ಳೆಯ ಮನೆ. ಇಂಥ ಮನೆಯನ್ನು ಗುರುತಿಸಲು ಮೀಮಾಂಸಕರ ಆರು ಪ್ರಮಾಣಗಳು, ಎಂದರೆ ತಿಳಿಯುವ ಆರು ದಾರಿಗಳು, ಸಾಕು.

ಒಂದು, ಪ್ರತ್ಯಕ್ಷ

ಕಣ್ಣಾರೆ ಕಂಡದ್ದೇ ಪ್ರತ್ಯಕ್ಷ. ಆದರೆ ಯಾರ ಕಣ್ಣು? ನೈಮಿತ್ತಿಕಾಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಫಳಫಳ ಹೊಳೆಯುವ ನೆಲ. ಡಿಮೆನ್ಷಿಯಾದ ಕಣ್ಣಿಗೆ ಅದೇ ನೆಲ ನೀರು ನಿಂತ ಹಾಗೆ ಕಂಡು ಕಾಲಿಡಲು ಹೆದರಿಕೆಯಾಗುತ್ತದೆ. ಬಾಗಿಲ ಮುಂದಿನ ಕಪ್ಪು ಮ್ಯಾಟು ಗುಂಡಿಯಾಗಿ ಕಾಣುತ್ತದೆ. ನಿಲುಗನ್ನಡಿಯಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಬಂದು ನಿಂತಿರುತ್ತಾಳೆ. ಬಿಳಿ ಗೋಡೆಯ ಬಿಳಿ ಬಾಗಿಲ ಹಿಂದೆ ಬಚ್ಚಲಿದ್ದರೆ ಅದು ಸಿಗುವುದೇ ಇಲ್ಲ, ಸಿಗದಿದ್ದರೆ ಆಗುವುದು ಆಗುತ್ತದೆ. ಮಗ ಮೆಚ್ಚಿದ್ದೆಲ್ಲ ತಾಯಿಗೆ ಕಂಟಕ.

ಹಾಗಾದರೆ ಏನನ್ನು ನೋಡಬೇಕು? ಹಾಸಿಗೆ ಹಿಡಿದವರ ಹಿಮ್ಮಡಿ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದ ಮನೆಯಲ್ಲಿ ಅಲ್ಲಿ ಕೆಂಪು ಗುರುತು ಇರುತ್ತದೆ. ಉಗುರು ನೋಡಿ, ತುಟಿ ಒಣಗಿದೆಯೇ ನೋಡಿ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟಾಮ್ ಕಿಟ್‌ವುಡ್ ಎಂಬ ಆಧುನಿಕ ಭಾಷ್ಯಕಾರರ ಬಳಗ ರೂಪಿಸಿದ ಪರೀಕ್ಷಾವಿಧಾನದಲ್ಲಿ ನೋಡುವವರು ಗಂಟೆಗಟ್ಟಲೆ ಒಂದೆಡೆ ಕೂತು, ಅಲ್ಲಿರುವವರು ಹೇಗಿದ್ದಾರೆಂದು ಐದೈದು ನಿಮಿಷಕ್ಕೆ ಬರೆದುಕೊಳ್ಳಬೇಕು. ನಮ್ಮ ಕಡೆಯ ಪ್ರತ್ಯಕ್ಷ ಒಟ್ಟು ಹದಿನೈದು ನಿಮಿಷದ್ದು, ಅದರಲ್ಲಿ ಐದು ಕಾಫಿಗೆ.

ಎರಡು, ಅನುಮಾನ

ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸುವುದು ಅನುಮಾನ. ಉಚ್ಚೆಯ ನಾತ ಇದ್ದರೆ ಬಟ್ಟೆ ಬದಲಿಸುವವರು ಸಾಲದು ಎಂಬ ಅನುಮಾನ ಸರಿ. ಫಿನೈಲಿನ ವಾಸನೆ ಇದ್ದರೆ ಮನೆ ಚೊಕ್ಕಟ ಎಂಬ ಅನುಮಾನ ಹೇತ್ವಾಭಾಸ, ಎಂದರೆ ಹುಸಿ ಕಾರಣ. ಆ ವಾಸನೆಯಿಂದ ನೀವು ಬರುವುದು ಗೊತ್ತಿತ್ತು ಎಂದಷ್ಟೇ ಸಿದ್ಧವಾಗುತ್ತದೆ. ಟಿವಿ ಓಡುತ್ತಿದೆ, ಎದುರಿಗೆ ಸಾಲಾಗಿ ಕುರ್ಚಿ, ಆದ್ದರಿಂದ ಮನರಂಜನೆ ಇದೆ ಎಂಬುದೂ ಅಂಥದ್ದೇ. ಕುರ್ಚಿಯಲ್ಲಿ ಕೂತವರು ಟಿವಿ ನೋಡುತ್ತಿದ್ದಾರೋ ಎದುರು ಗೋಡೆಯನ್ನೋ ಎಂದು ಮೊದಲು ನೋಡಬೇಕು.

ಮೂರು, ಉಪಮಾನ

ಹಸುವನ್ನು ಬಲ್ಲವನು ಗವಯ ಎಂಬ ಪ್ರಾಣಿಯನ್ನು ಕಾಡಿನಲ್ಲಿ ಕಂಡು, ಹಟ್ಟಿಯಲ್ಲಿರುವ ನನ್ನ ಹಸು ಇದರಂತಿದೆ ಎಂದು ತಿಳಿಯುವುದು ಉಪಮಾನ. ಇಂಥ ಮನೆ ನಡೆಸುವವರೆಲ್ಲ ಹೇಳುವ ಉಪಮಾನ ಒಂದೇ: “ಥೇಟ್ ಮನೆ ಥರಾನೇ ಸಾರ್.” ಯಾರ ಮನೆ ಥರ ಎಂದು ಕೇಳಬೇಕು. ತೆರಕಣಾಂಬಿ ಕಡೆಯ ಅಜ್ಜಿಗೆ ಮನೆ ಎಂದರೆ ಮುದ್ದೆ, ಉಪ್ಸಾರು. ಅವಳ ಮುಂದೆ ದಿನಾ ಚಪಾತಿ ಇಟ್ಟು, ಅವಳು ತಟ್ಟೆ ದೂಡಿದರೆ “ಊಟ ನಿರಾಕರಿಸಿದ್ದಾರೆ” ಎಂದು ಪುಸ್ತಕದಲ್ಲಿ ಬರೆಯುವುದು ಉಪಮಾನಕ್ಕೆ ಬಗೆದ ದ್ರೋಹ. ಕಾಯಿಲೆ ಮುಂದುವರಿದು ನುಂಗುವುದೇ ಕಷ್ಟವಾದಾಗ ಚಪಾತಿ ಸಿಕ್ಕಿಕೊಳ್ಳುತ್ತದೆ, ತೆಳು ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಅಡುಗೆಯವರಿಗೆ ಇದು ಗೊತ್ತಿದೆಯೇ ಎಂಬುದು ದೊಡ್ಡ ಪ್ರಶ್ನೆ.

ಉಪಮಾನಕ್ಕೆ ನಿಜವಾದ ಪರೀಕ್ಷೆ ದೀಪ ಹಚ್ಚುವ ಹೊತ್ತು. ಐವತ್ತು ವರ್ಷ ಆ ಹೊತ್ತಿಗೆ ಹಾಲು ಕರೆದವಳು ಆರು ಗಂಟೆಯಾಗುತ್ತಲೇ ಎದ್ದು ಬಾಗಿಲಿಗೆ ಬರುತ್ತಾಳೆ: “ಅಟ್ಟಿಗ ಓಗ್ಬೇಕು ಕನಪ್ಪ, ಅಸ ಕರೀಬೇಕು.” ಅಧಮ ಮನೆ “ನಿಮ್ಮ ಹಸು ಮಾರಿ ಇಪ್ಪತ್ತು ವರ್ಷ ಆಯ್ತು” ಎಂದು ತಿದ್ದುತ್ತದೆ, ಇಲ್ಲವೇ ಮಾತ್ರೆ ಕೊಡುತ್ತದೆ. ಮಧ್ಯಮ ಮನೆ “ನಾಳೆ ಹೋಗುವ” ಎನ್ನುತ್ತದೆ. ಉತ್ತಮ ಮನೆ ಹಸುವಿನ ಬಣ್ಣ ಯಾವುದು, ಎಷ್ಟು ಕರೆಯುತ್ತಿತ್ತು ಎಂದು ಕೇಳುತ್ತಾ ಅವಳ ಮುಂದೆ ಅವರೆಕಾಯಿ ಸುರಿದು ಬಿಡಿಸಲು ಕೂರಿಸುತ್ತದೆ. ಜರ್ಮನಿಯ ಡ್ಯೂಸೆಲ್‌ಡಾರ್ಫಿನ ಬೆನ್ರಾಟ್ ಕೇಂದ್ರದವರು ಬಾಗಿಲ ಮುಂದೆ ಬಸ್ಸೇ ಬಾರದ ಬಸ್‌ಸ್ಟಾಪು ಕಟ್ಟಿಸಿದರು. ಊರಿಗೆ ಹೊರಟವರು ಅಲ್ಲಿ ಕೂತು ಸಮಾಧಾನವಾಗಿ ಒಳಗೆ ಬರುತ್ತಿದ್ದರು. ಅದು ಸುಳ್ಳಲ್ಲವೇ ಎಂದು ಅಲ್ಲಿ ಚರ್ಚೆಯೂ ಆಯಿತು. ನಮ್ಮಲ್ಲಿ ಇದು ನಡೆಯುವುದಿಲ್ಲ. ಕೆಎಸ್‌ಆರ್‌ಟಿಸಿ ಕೈ ತೋರಿಸಿದರೆ ನಿಲ್ಲುತ್ತದೆ, 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಬೇಡ. ಆದ್ದರಿಂದ ಗೇಟಿನ ಬಳಿ ಯಾರಿದ್ದಾರೆ, ಒಳಗೆ ಸುತ್ತಾಡಿಕೊಂಡು ಬರಲು ಅಂಗಳವಿದೆಯೇ ಎಂದು ನೋಡಿಕೊಳ್ಳಿ.

ನಾಲ್ಕು, ಶಬ್ದ

ಆಪ್ತವಾಕ್ಯವೇ ಶಬ್ದಪ್ರಮಾಣ. ಆಪ್ತ ಎಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವವನು. ಮಾಲೀಕ ಆಪ್ತನಲ್ಲ, ಬ್ರೋಷರು ಅಪೌರುಷೇಯವಲ್ಲ. ರಾತ್ರಿಪಾಳಿಯ ಆಯಾ ಆಪ್ತಳು. ನಿನ್ನೆ ರಾತ್ರಿ ಇಲ್ಲಿ ಯಾರ್‍ಯಾರಿದ್ದಿರಿ, ಎಷ್ಟು ಜನಕ್ಕೆ ಎಷ್ಟು ಜನ, ಇಲ್ಲಿ ಸೇರಿ ಎಷ್ಟು ದಿನ ಆಯ್ತವ್ವ ಎಂದು ಅವಳನ್ನು ಕೇಳಿ. ಆಯಾಗಳೇ ತಿಂಗಳಿಗೊಬ್ಬರಂತೆ ಬದಲಾಗುವ ಮನೆಯಲ್ಲಿ ಅಜ್ಜಿ ಯಾರನ್ನೂ ಗುರುತು ಹಿಡಿಯುತ್ತಿಲ್ಲ ಎಂದರೆ ಅದನ್ನೆಲ್ಲ ಕಾಯಿಲೆಯ ತಲೆಗೆ ಕಟ್ಟುವುದು ಅನ್ಯಾಯ.

ಅವರು ಕರೆಯುವ ಬಗೆಯನ್ನೂ ಕಿವಿಗೊಟ್ಟು ಕೇಳಿ. ಮೂವತ್ತು ವರ್ಷ ಪಾಠ ಹೇಳಿದವರನ್ನು “ತಾತಾ, ಆ ಮಾಡು” ಎಂದರೆ ಬಾಯಿ ಬಿಗಿಯುತ್ತದೆ, “ಮೇಷ್ಟ್ರೇ, ಊಟ ಆಯ್ತಾ?” ಎಂದರೆ ತಲೆ ಎತ್ತುತ್ತಾರೆ. ಕಿಟ್‌ವುಡ್ ತಮ್ಮ 1997ರ ಗ್ರಂಥದಲ್ಲಿ ಆರೈಕೆಯ ದೋಷಗಳನ್ನು ಹದಿನೇಳಾಗಿ ವಿಂಗಡಿಸಿದ್ದಾರೆ. ಮಗುವಿನಂತೆ ಕಾಣುವುದು, ಅವಸರ ಮಾಡುವುದು, ಗದರುವುದು, ಇದ್ದೂ ಇಲ್ಲವೆಂಬಂತೆ ತಲೆಯ ಮೇಲೆ ಮಾತಾಡಿಕೊಳ್ಳುವುದು, ನಗೆಯಾಡುವುದು ಎಲ್ಲ ಅದರಲ್ಲಿವೆ. ವಿಚಿತ್ರವೆಂದರೆ ಇವುಗಳಲ್ಲಿ ಬಹಳಷ್ಟನ್ನು ಕೆಟ್ಟ ಮನಸ್ಸಿಲ್ಲದ, ಕೈತುಂಬ ಕೆಲಸವಿರುವ ಒಳ್ಳೆಯವರೇ ಮಾಡುತ್ತಾರೆ.

ಐದು, ಅರ್ಥಾಪತ್ತಿ

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಒಪ್ಪಬೇಕಾಗುತ್ತದೆ. ಇದು ಅರ್ಥಾಪತ್ತಿ, ಮನೆ ಪರೀಕ್ಷಿಸುವವರ ಕೈಯ ಬ್ರಹ್ಮಾಸ್ತ್ರ. ಹಟ್ಟಿಯಲ್ಲಿ ರಾತ್ರಿಯಿಡೀ ಎದ್ದು ತಿರುಗುತ್ತಿದ್ದ ಅಜ್ಜಿ ಇಲ್ಲಿ “ಒಂದು ದಿನವೂ ತೊಂದರೆ ಕೊಟ್ಟಿಲ್ಲ”. ಇಪ್ಪತ್ತು ಜನಕ್ಕೆ ರಾತ್ರಿ ಒಬ್ಬಳೇ ಆಯಾ. ಆದ್ದರಿಂದ ನಡುವೆ ಮೂರನೆಯದೊಂದು ಇದೆ ಎಂದು ಒಪ್ಪಬೇಕು: ಮಾತ್ರೆ ಅಥವಾ ಹಳೇ ಸೀರೆಯ ಸೆರಗು. ಮನೋವಿಕಾರಕ್ಕೆ ಕೊಡುವ ಈ ಬಗೆಯ ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಯಾರು ಬರೆದುಕೊಟ್ಟರು, ಎಂದಿನಿಂದ, ಯಾವಾಗ ನಿಲ್ಲಿಸುತ್ತೀರಿ ಎಂಬ ಮೂರು ಪ್ರಶ್ನೆ ಕೇಳಲೇಬೇಕು. ಸೆರಗಿಗೆ ಉತ್ತರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿದೆ. ಸರಪಳಿಯನ್ನು ಅದು ಪೂರ್ತಿ ನಿಷೇಧಿಸಿದೆ. ಕಟ್ಟಿಹಾಕುವುದನ್ನು ಬೇರೆ ದಾರಿಯೇ ಇಲ್ಲದ ತುರ್ತಿಗೆ, ಅದೂ ಮನೋವೈದ್ಯರ ಒಪ್ಪಿಗೆಯ ಮೇಲೆ ಮಾತ್ರ ಬಿಟ್ಟಿದೆ.

ಇನ್ನೊಂದು ಅರ್ಥಾಪತ್ತಿ: “ನಮ್ಮಲ್ಲಿ ಇದುವರೆಗೆ ಯಾರೂ ಬಿದ್ದಿಲ್ಲ.” ನಡೆದಾಡುವ ಹಿರಿಯರು ಅಲ್ಲೊಮ್ಮೆ ಇಲ್ಲೊಮ್ಮೆ ಬೀಳುತ್ತಾರೆ. ಯಾರೂ ಬೀಳದ ಮನೆಯಲ್ಲಿ ಯಾರನ್ನೂ ನಡೆಯಬಿಟ್ಟಿಲ್ಲ, ಇಲ್ಲವೇ ಬಿದ್ದದ್ದನ್ನು ಬರೆದಿಟ್ಟಿಲ್ಲ. ಬಿದ್ದ ತಾರೀಖು, ಹೊತ್ತು, ಮನೆಯವರಿಗೆ ಫೋನ್ ಮಾಡಿದ ಸಮಯ ಬರೆದಿಟ್ಟ ರಿಜಿಸ್ಟರು ತೋರಿಸಿದವರನ್ನು ನಂಬಿ.

ಆರು, ಅನುಪಲಬ್ಧಿ

ನೆಲದ ಮೇಲೆ ಮಡಕೆ ಇಲ್ಲ ಎಂಬ ಅರಿವು, ಕಾಣದಿರುವುದರಿಂದಲೇ ಹುಟ್ಟುವ ಅರಿವು. ಇದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಖಚಿತ. ಮೂಗಿನ ಮೇಲೆ ಕನ್ನಡಕದ ಗುರುತಿದೆ, ಕನ್ನಡಕ ಇಲ್ಲ. ಹಲ್ಲಿನ ಸೆಟ್ಟು ಪಕ್ಕದ ಮಂಚದವರ ಬಾಯಲ್ಲಿದೆ. ಕಿವಿಯ ಯಂತ್ರ ಡ್ರಾಯರಿನಲ್ಲಿದೆ, ಸೆಲ್ಲು ಮುಗಿದು ಎಷ್ಟು ಕಾಲವಾಯಿತೋ. ಮೈಮೇಲೆ ಸೀರೆಯಿಲ್ಲ, ಯಾರದೋ ನೈಟಿ. ಕಣ್ಣು ಕಾಣದೆ, ಕಿವಿ ಕೇಳದೆ, ಅಗಿಯಲಾಗದೆ ಕೂತವರನ್ನು “ಕಾಯಿಲೆ ಜಾಸ್ತಿಯಾಗಿದೆ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತಿಂಗಳ ತೂಕ ಬರೆದ ಪುಸ್ತಕ ಇಲ್ಲದಿದ್ದರೆ ಅದೂ ಅನುಪಲಬ್ಧಿಯೇ. ಎರಡೇ ದಿನದಲ್ಲಿ ಗೊಂದಲ ಏಕಾಏಕಿ ಏರಿದಾಗ ಮೂತ್ರದ ಸೋಂಕೋ ಮಲಬದ್ಧತೆಯೋ ಎಂದು ನೋಡುವವರು ಇಲ್ಲದಿದ್ದರೆ ಅದು ಪ್ರಾಣಕ್ಕೇ ಬರುವ ಅನುಪಲಬ್ಧಿ.

ಸಿದ್ಧಾಂತ

ಆರು ಪ್ರಮಾಣಗಳಲ್ಲಿ ನೈಮಿತ್ತಿಕಾಧಿಕಾರಿ ಮೊದಲನೆಯದನ್ನು ಮಾತ್ರ ಬಳಸುತ್ತಾನೆ, ಮಾಲೀಕ ನಾಲ್ಕನೆಯದನ್ನು ಮಾತ್ರ ಒದಗಿಸುತ್ತಾನೆ. ಇಬ್ಬರ ಒಪ್ಪಂದಕ್ಕೆ ಅಡ್ವಾನ್ಸು ಎಂದು ಹೆಸರು. ಆರನ್ನೂ ಬಳಸಲು ಇದ್ದದ್ದೇನು, ಇಲ್ಲದ್ದೇನು ಎಂದು ಗೊತ್ತಿರಬೇಕು: ಅಜ್ಜಿ ಯಾವ ಮಗ್ಗುಲಿಗೆ ಮಲಗುತ್ತಾಳೆ, ಮಾದಪ್ಪನ ಒಕ್ಕಲೋ ಸಿದ್ದಪ್ಪಾಜಿ ಒಕ್ಕಲೋ, ಯಾವ ಸೀರೆ ಉಟ್ಟರೆ ನಗುತ್ತಾಳೆ. ಇದು ಗೊತ್ತಿರುವುದು ನಿತ್ಯಾಧಿಕಾರಿಗೆ. ಅವಳು ಮನೆ ನಡೆಸುವವರನ್ನು ಕೇಳುವ ಪ್ರಶ್ನೆಗಳಿಗಿಂತ, ಅವರು ಅವಳನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಎಂಬುದು ಮುಖ್ಯ. ಆಧಾರ್ ಕಾರ್ಡಿನ ಜೆರಾಕ್ಸು ಇಸಿದುಕೊಂಡು ಸುಮ್ಮನಾದ ಮನೆ ಅಧಮ. “ಸಂಜೆ ಹೊತ್ತು ಏನು ಮಾಡ್ತಿದ್ರು, ಏನಂತ ಕರೆದರೆ ತಿರುಗ್ತಾರೆ?” ಎಂದು ಬರೆದುಕೊಳ್ಳಲು ಕೂತ ಮನೆ ಉತ್ತಮ. ನೆಲ ಮಣ್ಣಿನದ್ದಾದರೂ ಅಡ್ಡಿಯಿಲ್ಲ.

ಫಲಶ್ರುತಿ

ಈ ಗ್ರಂಥವನ್ನು ತ್ರಿಕಾಲ ಪಾರಾಯಣ ಮಾಡಿದವರಿಗೆ ಯಾವ ಫಲವೂ ಇಲ್ಲ. ಹೇಳದೆ ಕೇಳದೆ ಒಮ್ಮೆ ಸಂಜೆ ಏಳಕ್ಕೆ ಹೋಗಿ ನೋಡಿದವರಿಗೆ ಅರ್ಧ ಫಲ. ಸೇರಿಸಿ ಆರು ತಿಂಗಳಾದ ಮೇಲೂ ಹಾಗೆಯೇ ಹೋಗುವವರಿಗೆ ಪೂರ್ಣ ಫಲ, ಏಕೆಂದರೆ ಮನೆ ಪರೀಕ್ಷೆ ದುಡ್ಡು ಕಟ್ಟಿದ ದಿನ ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ. ಹೋಗಿ ನೋಡುವವರೇ ಇಲ್ಲದ ಹಿರಿಯರ ಪರವಾಗಿ ಯಾರು ಬೇಕಾದರೂ 14567 ಒತ್ತಬಹುದು. ಅದು ಹಿರಿಯರ ಸಹಾಯವಾಣಿ. ಜಗಲಿ ಮೇಲೆ ಕೂತ ನಿಷಿದ್ಧಾಧಿಕಾರಿಗಳಿಗೂ ಅಷ್ಟು ಅಧಿಕಾರ ಉಂಟು.