ಜಗಲಿ ಅಂಗಡಿಯ ಖಾಯಂ ಗಿರಾಕಿ

ನಿವೃತ್ತನಾದ ಮೇಲೆ ನನಗೆ ತಾನಾಗಿ ಒದಗಿ ಬಂದ ಪದವಿ ಒಂದೇ: ಮೊಮ್ಮಗಳ ಅಂಗಡಿಯ ಖಾಯಂ ಗಿರಾಕಿ. ಅಂಗಡಿ ಇರುವುದು ನಮ್ಮ ಜಗಲಿಯ ಮೇಲೆ. ಬಾಡಿಗೆಯಿಲ್ಲ, ಲೈಸೆನ್ಸ್ ಇಲ್ಲ, ಜಿಎಸ್‌ಟಿಯಂತೂ ಕೇಳಲೇಬೇಡಿ. ಬಾಗಿಲು ತೆರೆಯುವ ಹೊತ್ತು ಮಾಲೀಕಳ ಮರ್ಜಿ. ಸಾಮಾನ್ಯವಾಗಿ ನಾನು ಪೇಪರ್ ಬಿಡಿಸಿದ ಕೂಡಲೇ ತೆರೆಯುತ್ತದೆ.

ಸರಕು ನಮ್ಮ ಕಾಲದ್ದೇ. ಮರಳು ಸಕ್ಕರೆ, ಇಟ್ಟಿಗೆ ಪುಡಿ ಖಾರದಪುಡಿ, ದಾಸವಾಳದ ಎಲೆ ನೋಟು, ಹುಣಸೆಬೀಜ ಚಿಲ್ಲರೆ. ನಾವು ಎರಡು ತೆಂಗಿನ ಚಿಪ್ಪಿಗೆ ದಾರ ಕಟ್ಟಿ ಕೋಲಿಗೆ ನೇತುಹಾಕಿ ತಕ್ಕಡಿ ಮಾಡುತ್ತಿದ್ದೆವು. ಅದು ಸದಾ ಅಂಗಡಿಯವನಿಗೆ ಲಾಭವಾಗುವ ಕಡೆಗೇ ವಾಲುತ್ತಿತ್ತು. ಈಗ ಹೊಸದಾಗಿ ಬಂದಿರುವುದು ಕ್ಯೂಆರ್ ಕೋಡ್. ಹಳೇ ಮದುವೆ ಪತ್ರಿಕೆಯ ಹಿಂದೆ ಕ್ರೆಯಾನಿನಲ್ಲಿ ಬರೆದ ಮೂರು ಚೌಕ, ನಡುವೆ ಇರುವೆ ಹರಿದಂತೆ ಚುಕ್ಕೆಗಳು. ನಾನು ಕನ್ನಡಕದ ಡಬ್ಬಿಯನ್ನು ಮೊಬೈಲಿನಂತೆ ಅದರ ಮುಂದೆ ಹಿಡಿಯಬೇಕು. ಆಗ ಮಾಲೀಕಳು ಮೂಗಿನಲ್ಲಿ ಘೋಷಿಸುತ್ತಾಳೆ: “ಐನೂರು ರೂಪಾಯಿ ಸ್ವೀಕರಿಸಲಾಗಿದೆ.” ನಾನು ಕೊಂಡದ್ದು ಒಂದು ಬೆಂಕಿಪೊಟ್ಟಣ.

“ಸಕ್ಕರೆ ಇದೆಯಾ ಪುಟ್ಟಿ?”

“ಪುಟ್ಟಿ ಅನ್ಬೇಡ ತಾತ! ಅಂಗಡಿ ಆಂಟಿ ಅನ್ನು.” ಮರುಗಳಿಗೆಯೇ ದನಿ ಬದಲಾಯಿತು. “ಇದೆ ಸಾರ್, ಎಷ್ಟ್ ಕೊಡ್ಲಿ?”

“ಅರ್ಧ ಕೆಜಿ.”

“ಅರ್ಧ ಇಲ್ಲ ಸಾರ್. ಮೂರು ಕೆಜಿ ಇದೆ, ಅಷ್ಟೆ.”

ಅರ್ಧಕ್ಕಿಂತ ಮೂರು ದೊಡ್ಡದೆಂಬುದು ಅವಳ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಆದರೆ ವ್ಯಾಪಾರ ಬಂದಿದೆ. ಎಲೆ ಎಣಿಸುವ ಮುಂಚೆ ಬೆರಳಿಗೆ ಎಂಜಲು ಮಾಡಿಕೊಳ್ಳುತ್ತಾಳೆ. ಇಲ್ಲದ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರದೋ ಆರ್ಡರ್ ಬರೆದುಕೊಳ್ಳುತ್ತಾಳೆ. “ಚಿಲ್ಲರೆ ಇಲ್ಲ ಸಾರ್, ಚಾಕಲೇಟ್ ತಗೊಳ್ಳಿ” ಎನ್ನುತ್ತಾಳೆ. ಮುಂದೆ ಹುಣಸೆಬೀಜದ ರಾಶಿಯೇ ಬಿದ್ದಿರುತ್ತದೆ! ಇದನ್ನೆಲ್ಲ ಯಾರೂ ಹೇಳಿಕೊಟ್ಟಿಲ್ಲ. ಅಜ್ಜಿಯ ಸೆರಗು ಹಿಡಿದು ಮೂಲೆ ಅಂಗಡಿಯಲ್ಲಿ ನಿಂತಾಗ ಕಣ್ಣಲ್ಲೇ ಕದ್ದು ತಂದದ್ದು.

ಮೊನ್ನೆ ಅವಳ ಅಜ್ಜಿ ಅಂಗಡಿಗೆ ನಿಜವಾದ ಹುರಿಗಡಲೆ ಸರಬರಾಜು ಮಾಡಿದಳು. ಅಂಗಡಿ ದಿವಾಳಿಯೆಂದೇ ನಾನು ಎಣಿಸಿದ್ದೆ. ಮಾಲೀಕಳು ಬಟ್ಟಲನ್ನೊಮ್ಮೆ ನೋಡಿದಳು, ಉಗುಳು ನುಂಗಿದಳು, ಮುಚ್ಚಳ ಹಾಕಿದಳು. “ಇದು ಗಿರಾಕಿಗಳಿಗೆ” ಎಂದಳು. ಊಟದ ಮುಂಚೆ ಬಿಸ್ಕತ್ತಿಗಾಗಿ ನೆಲಕ್ಕೆ ಬಿದ್ದು ಹೊರಳಾಡುವವಳೂ ಇವಳೇ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಇಂಥದನ್ನೇ ಹೇಳಿದ್ದಾನೆ. ಆಟದಲ್ಲಿ ಮಿಠಾಯಿಯನ್ನು ತಿನ್ನಬಾರದ ವಸ್ತುವೆಂದು ಒಪ್ಪಿಕೊಂಡ ಮಗು ಅದನ್ನು ಬಾಯಿಗೆ ಹಾಕುವುದಿಲ್ಲ. ಮನೆಯವರು ಹೇರಿದರೆ ಮುರಿಯುವ ನಿಯಮವನ್ನು ಆಟ ಹೇರಿದರೆ ಪಾಲಿಸುತ್ತದೆ. ಅಂಗಡಿ ಆಂಟಿಗೆ ಇರುವ ಸಂಯಮ ಪುಟ್ಟಿಗೆ ಇಲ್ಲ. ಸಕ್ಕರೆ ಕಾಯಿಲೆಯವನಾದ ನನಗೂ ಯಾರಾದರೂ ಮಿಠಾಯಿ ಅಂಗಡಿ ಇಟ್ಟುಕೊಡಬಾರದೇ ಎನ್ನಿಸಿತು.

ದುಡ್ಡಿನ ವಿಷಯದಲ್ಲಿ ಮಾತ್ರ ಅವಳದು ಬೇರೆಯೇ ಅರ್ಥಶಾಸ್ತ್ರ. ಒಮ್ಮೆ ನಿಜವಾದ ಹತ್ತರ ನೋಟು ಕೊಟ್ಟೆ. ಒಂದು ರೂಪಾಯಿಯ ಮೂರು ಬಿಲ್ಲೆ ವಾಪಸ್ ಕೊಟ್ಟು, ನನ್ನನ್ನು ಮರುಕದಿಂದ ನೋಡಿದಳು: “ನೀನು ಒಂದೇ ಕೊಟ್ಟೆ, ನಾನು ಮೂರು ಕೊಟ್ಟೆ. ಸಂತೋಷಾನಾ?” ಈ ವಯಸ್ಸಿಗೆ ಇದು ಸಹಜ. ಎರಡು ಸಾಲಿನಲ್ಲಿ ಅಷ್ಟಷ್ಟೇ ಬಿಲ್ಲೆ ಜೋಡಿಸಿ, ಒಂದು ಸಾಲನ್ನು ಅಗಲಕ್ಕೆ ಹರಡಿದರೆ ಅದರಲ್ಲೇ ಹೆಚ್ಚಿದೆ ಎನ್ನುತ್ತವೆ ಸಣ್ಣ ಮಕ್ಕಳು ಎಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಆಗಲೇ ತೋರಿಸಿದ್ದ. ಕಣ್ಣಿಗೆ ಕಂಡದ್ದೇ ಲೆಕ್ಕ. ಬಿಲ್ಲೆಗಳು ನೂರಾರು ಸಲ ಕೈಯಿಂದ ಕೈಗೆ ಓಡಾಡಿದ ಮೇಲೆ ನೋಟಿನ ಬೆಲೆ ತಲೆಗೆ ಹೋಗುತ್ತದೆ.

ನಮ್ಮ ಶಾಲೆಗಳು ಮಾಡುವ ಮಕ್ಕಳ ಸಂತೆಯಲ್ಲಿ ನಡೆಯುವುದೂ ಅದೇ. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ, ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಮನೆಯ ಚಕ್ಕುಲಿ ಹರವಿ ಕೂಗುವ ಗದ್ದಲ ಕೇಳಬೇಕು. ಪಕ್ಕದ ಬೀದಿಯ ತಾಯಿಯೊಬ್ಬರು ಬೆಳಿಗ್ಗೆ ತಾವೇ ಕಿತ್ತುಕೊಟ್ಟ ಕೊತ್ತಂಬರಿ ಕಟ್ಟನ್ನು ಮಧ್ಯಾಹ್ನ ಮಗನಿಂದ ಹತ್ತು ರೂಪಾಯಿಗೆ ಕೊಂಡು ತಂದರು. ಚೌಕಾಸಿಗೂ ಬಗ್ಗಲಿಲ್ಲವಂತೆ ಮಗರಾಯ.

ದೊಡ್ಡವರೇನು ಕಡಿಮೆ? ದಸರಾ ಬಂತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಶೆಟ್ಟಿ-ಶೆಟ್ಟಮ್ಮರ ಗೊಂಬೆ ಕೂರಿಸಿ, ಮುಂದೆ ಪುಟ್ಟ ಪುಟ್ಟ ಬಟ್ಟಲಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ದಿನಸಿ ಅಂಗಡಿ ಹೂಡುವವರು ಅವರೇ.

ಅಂಗಡಿಗೆ ನಿಜವಾದ ಗಂಡಾಂತರ ಬರುವುದು ಸಂಜೆ, ನನ್ನ ಮಗ ಆಫೀಸಿನಿಂದ ಬಂದಾಗ. ಅವನಿಗೆ ಆಟದಲ್ಲೂ ಪಾಠ ಆಗಬೇಕು. ಶೂ ಬಿಚ್ಚುವ ಮೊದಲೇ ಶುರು: “ಹೇಳು ನೋಡೋಣ, ಸೋಪಿಗೆ ಹದಿನೈದು. ನಾನು ಐವತ್ತು ಕೊಟ್ಟೆ. ವಾಪಸ್ ಎಷ್ಟು ಬರತ್ತೆ?”

ಮಾಲೀಕಳು ಅವನನ್ನು ಮೇಲಿಂದ ಕೆಳಗೆ ನೋಡಿ, ರಟ್ಟಿನ ಡಬ್ಬ ಬೋರಲು ಹಾಕಿದಳು. “ಅಂಗಡಿ ಕ್ಲೋಸ್ ಆಯ್ತು ಸಾರ್.”

ಹಾಗಾಗಿ ನಿಮ್ಮಲ್ಲಿ ಒಂದು ಮನವಿ. ನಿಮ್ಮ ಮನೆಯ ಜಗಲಿಯಲ್ಲಿ ಇಂಥ ಅಂಗಡಿ ತೆರೆದರೆ ಇನ್ಸ್‌ಪೆಕ್ಟರ್ ಆಗಿ ಹೋಗಬೇಡಿ, ಮೇಷ್ಟ್ರಾಗಿಯೂ ಬೇಡ. ಗಿರಾಕಿಯಾಗಿ ಹೋಗಿ, ಬೆಲೆ ಕೇಳಿ ಬೆಚ್ಚಿಬೀಳಿ, ಸ್ವಲ್ಪ ಚೌಕಾಸಿ ಮಾಡಿ, ಕೊಟ್ಟಷ್ಟು ಮರಳು ತೆಗೆದುಕೊಂಡು ಬನ್ನಿ. ಸಾಲ ಮಾತ್ರ ಕೇಳಬೇಡಿ. ನನಗೆ ಈಗಾಗಲೇ ನಿಲ್ಲಿಸಿದ್ದಾರೆ.