ಸಬ್‌ವೂಫರ್ ರಾಯರು

ಸಬ್‌ವೂಫರ್ ರಾಯರು ಮಹಾ ಸಂಗೀತಪ್ರೇಮಿಗಳೆಂದು ಓಣಿಯೆಲ್ಲ ನಂಬಿದೆ, ರಾಯರೂ ನಂಬಿದ್ದಾರೆ. ಅವರ ವೈರುಗಳು ಮಾತ್ರ ಬೇರೆಯೇ ಸಾಕ್ಷಿ ನುಡಿಯುತ್ತವೆ. ಹಳೆಯ ಸ್ಟೀರಿಯೊ ಆಂಪ್ಲಿಫಯರಿನ ಬೆನ್ನಲ್ಲಿ ಸಬ್‌ವೂಫರಿಗೆಂದೇ ಇರುವ ಸಬ್-ಔಟ್ ಇಲ್ಲದಿದ್ದರೆ ಪ್ರಿ-ಔಟ್‌ನಿಂದ ವೈರು ಕೊಡಬಹುದು. ಅದೂ ಇಲ್ಲವೆ, ಸ್ಪೀಕರ್ ಟರ್ಮಿನಲ್ಲಿನಿಂದಲೇ ಇನ್ನೊಂದು ಜೊತೆ ವೈರು ಎಳೆದು ಸಬ್‌ವೂಫರಿನ ಹೈ-ಲೆವೆಲ್ ಇನ್‌ಪುಟ್ಟಿಗೆ ಸಿಕ್ಕಿಸಿದರಾಯಿತು. ಸಬ್ಬಿನೊಳಗೆ ಅದರದೇ ಆಂಪ್ಲಿಫಯರ್ ಇರುವುದರಿಂದ ಹಳೆಯದಕ್ಕೆ ಹೊರೆಯೂ ಇಲ್ಲ. ಇಷ್ಟು ಸುಲಭವಾದದ್ದು ರಾಯರಿಗೆ ಆಗಿಬರುವುದಿಲ್ಲ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಹೆಬ್ಬೆರಳು ಗಾತ್ರದ ಕೇಬಲ್ ತಂದು ರೆಕಾರ್ಡ್-ಔಟ್‌ಗೆ ಚುಚ್ಚುತ್ತಾರೆ. ಆ ತೂತು ವಾಲ್ಯೂಮ್ ಗುಂಡಿಯ ಮಾತು ಕೇಳುವಂಥದ್ದಲ್ಲ. ಹಾಡು ಪಿಸುಮಾತಿಗೆ ಇಳಿದರೂ ಸಬ್ ಗುಡುಗುತ್ತಲೇ ಇರುತ್ತದೆ.

ಸಣ್ಣ ಸ್ಪೀಕರುಗಳಿಗೆ ತಗ್ಗಿನ ನಾದ ದಕ್ಕದು, ಸಬ್ ಬೇಕೇ ಬೇಕು ಎಂಬ ವಾದವಿದೆ. ನಿಜವೇ. ಆದರೆ ರಾಯರು ಕೇಳುವುದೇನು? ಹಳೆಯ ಕರ್ನಾಟಕ ಸಂಗೀತ, ಅದೂ ಗಾಯಕಿಯರದು. ಗಾಯಕಿಯ ಷಡ್ಜ ಸುಮಾರು 200 ಹರ್ಟ್ಜ್. ಮಂದ್ರ ಪಂಚಮಕ್ಕಿಳಿದರೂ 150. ಸಬ್ಬಿನ ಸರಹದ್ದು ಸಾಮಾನ್ಯವಾಗಿ 80. ಕೆಲಸವಿಲ್ಲದೆ ಕೂತ ಸಬ್ಬನ್ನು ಕಂಡು ಕೊಟ್ಟ ದುಡ್ಡು ನೆನಪಾಗಿ, ರಾಯರು ಆ ಸರಹದ್ದು ನಿಗದಿಮಾಡುವ ಕ್ರಾಸ್‌ಓವರ್ ಗುಂಡಿಯನ್ನು 150ಕ್ಕೆ ತಿರುಗಿಸುತ್ತಾರೆ. 80ರ ಕೆಳಗಿನ ನಾದ ಎಲ್ಲಿಂದ ಬಂತೆಂದು ಕಿವಿಗೆ ಪತ್ತೆಯಾಗುವುದು ಕಷ್ಟ, ಮೇಲಿನದು ಪತ್ತೆಯಾಗಿಬಿಡುತ್ತದೆ. ಮೇಲುಸ್ಥಾಯಿಯಲ್ಲಿ ಸ್ಪೀಕರುಗಳ ನಡುವೆ ಕೂತಿದ್ದ ಗಾಯಕಿ ಮಂದ್ರಕ್ಕೆ ಬಂದಾಗಲೆಲ್ಲ ಸಬ್ಬಿನ ಪಕ್ಕಕ್ಕೆ ಎದ್ದು ಹೋಗುತ್ತಾಳೆ. ಹದವಾಗಿ ಕೂರಿಸಿದ ಸಬ್ ಇದೆಯೆಂದೇ ತಿಳಿಯಬಾರದು, ಆರಿಸಿದಾಗಷ್ಟೇ ಕೊರತೆ ಕಾಣಬೇಕು. ಸಾವಿರಾರು ರೂಪಾಯಿ ಸುರಿದು ಯಾರ ಗಮನಕ್ಕೂ ಬಾರದ ವಸ್ತು ತರುವುದು ರಾಯರ ಜಾಯಮಾನವಲ್ಲ.

ಹಾಗಾದರೆ ಎರಡನೆಯ ಸಬ್ಬನ್ನೇಕೆ ತಂದರು? ಅದಕ್ಕೆ ಶಾಸ್ತ್ರಾಧಾರವಿದೆಯಲ್ಲ ಎಂದು ಅಭಿಮಾನಿಗಳು ಕೇಳಬಹುದು. ಇದೆ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್. ಫ್ಲ್ಯಾಟಿನ ಹಾಲಿನಲ್ಲಿ ಅದು ಒಂದು ಮೂಲೆಯಲ್ಲಿ ಉಬ್ಬಿ ಇನ್ನೊಂದೆಡೆ ಮಾಯವಾಗುತ್ತದೆ. ಬೇರೆ ಬೇರೆ ಗೋಡೆಗಳಿಗೆ ಎರಡನ್ನಿಟ್ಟರೆ ಎಷ್ಟೋ ಸಮವಾಗುತ್ತದೆ. ರಾಯರು ಎರಡನ್ನೂ ಟಿವಿಯ ಆಚೀಚೆ ದ್ವಾರಪಾಲಕರಂತೆ ನಿಲ್ಲಿಸಿದ್ದಾರೆ, ಬಂದವರಿಗೆ ಕಾಣಲಿ ಎಂದು. ಸರಿಯಾದ ಜಾಗ ಹುಡುಕುವ ಉಪಾಯವೂ ಅವರಿಗೆ ಗೊತ್ತು: ಸಬ್ಬನ್ನು ತಾವು ಕೂರುವ ಸೋಫಾದ ಮೇಲೆ ಕೂರಿಸಿ, ತಾವು ಅಂಬೆಗಾಲಿಡುತ್ತ ಬೇಸ್ ಹದವಾಗಿ ಕೇಳುವ ಜಾಗ ಹುಡುಕಿ, ಸಬ್ಬನ್ನು ಅಲ್ಲಿಗೆ ಸರಿಸುವುದು. ಮಂಡಿನೋವು, ಆಗೋದಿಲ್ಲ ಎನ್ನುತ್ತಾರೆ. ನಂಬಬಹುದಿತ್ತು. ಆದರೆ ಅದೇ ಮಂಡಿ ಪ್ರತಿ ಭಾನುವಾರ ವೈರು ಬದಲಿಸಲು ಟಿವಿ ಸ್ಟ್ಯಾಂಡಿನ ಹಿಂದೆ ಸಲೀಸಾಗಿ ಮಡಿಚಿಕೊಳ್ಳುತ್ತದೆ.