ಮೊಲಕ್ಕ ಏಕಾದಶಿ ಇಲ್ರೀ!

ಏನ್ರೀ, ಬುಧಗಾಂವದಾಗ ಮೊಲ ಸಾಕೀರಿ, ಅದಕ್ಕ ಆಪರೇಷನ್ನೂ ಮಾಡಿಸೀರಿ. ಶಾಬಾಸ್! ಆದ್ರ ಖರೇ ಹೇಳ್ರಿ, ಹಿಂದಿನ ರಾತ್ರಿ ಅದರ ಮುಂದಿನ ಹುಲ್ಲು ಎತ್ತಿಟ್ಟಿದ್ರಿ ಹೌದಿಲ್ಲೋ? 1894ರಾಗ ವಾನ್ಲೆಸ್ ಸಾಹೇಬ್ರು ದವಾಖಾನಿ ತಗದಾಗಿಂದ ಮಿರಜ ಅಂದ್ರ ಆಪರೇಷನ್ ಊರು. ಅದರ ಮಗ್ಗಲದಾಗ ಇರೋ ನಿಮಗ "ಆಪರೇಷನ್ ಅಂದ್ರ ಖಾಲಿ ಹೊಟ್ಟಿ" ಅನ್ನೂದು ಬಾಯಿಪಾಠ. (ನಿಮ್ಮ ಅಪೆಂಡಿಕ್ಸ್ ಹೊಲಿಗಿ ತೋರಸೂದು ಇನ್ನೂ ಬಿಟ್ಟಿಲ್ಲ!) ನಿಮಗೇನೋ ವಾಂತಿ ಆದೀತಂತ ಉಪವಾಸ ಕೆಡವತಾರ. ಮೊಲಕ್ಕ ವಾಂತಿ ಮಾಡಾಕ ಬರೂದ ಇಲ್ರೀ!

ನಿಮ್ಮ ಉಪವಾಸನೂ ಗೊತ್ತೈತಿ ಬಿಡ್ರಿ. ಆಷಾಢಿ ಏಕಾದಶಿಗೆ ಮುಂಜಾನೆ ಸಾಬೂದಾಣಿ ಖಿಚಡಿ, ಮಧ್ಯಾಹ್ನ ಶೇಂಗಾ ಉಂಡಿ, ಸಂಜಿಗೆ ಬಾಳೆಹಣ್ಣು. ಮೊಲಕ್ಕ ಏಕಾದಶಿ ಆಗಿಬರೂದಿಲ್ಲ. ಅದರ ಕರಳು ಸದಾ ತಿರಗೋ ಗಿರಣಿ. ಹುಲ್ಲು ಬೀಳೂದು ನಿಂತ್ರ ಗಿರಣಿ ನಿಂತೈತಿ, ಗ್ಯಾಸ್ ತುಂಬತೈತಿ, ನೋವಿಗೆ ಇದ್ದ ಹಸಿವೂ ಓಡಿಹೋಗತೈತಿ. ಹತ್ತು-ಹನ್ನೆರಡು ತಾಸು ಏನೂ ಮುಟ್ಟಲಿಲ್ಲಂದ್ರ ನಾಳೆ ನೋಡೂಣು ಅನಬ್ಯಾಡ್ರಿ, ಆಗಿಂದಾಗ ಡಾಕ್ಟರಿಗೆ ಫೋನ್ ಹಚ್ಚರಿ.

ಹಂಗಂತ ಮನಿಮಂದೆಲ್ಲಾ ಸುತ್ತ ಕುಂತು "ತಿನ್ನೋ ಬಂಗಾರ" ಅನ್ನೂದೂ ಬ್ಯಾಡ. ಒಬ್ಬರು ಗಜ್ಜರಿ, ಒಬ್ಬರು ತಾಸಗಾಂವದ ಮಣೂಕ, ಮಗ್ಗಲ ಮನಿ ಕಾಕೂ ಭಡಂಗ! (ಕಾಕೂಗ ರೋಗಿ ಯಾರಂತ ಗೊತ್ತೈತಿಲ್ಲೋ?) ಗಜ್ಜರಿ ಅದಕ್ಕ ಸಿಹಿತಿಂಡಿ, ದಿನದ ಊಟ ಒಣ ಹುಲ್ಲು. ಬಾಯಿ ಚಪಲ ಎಬ್ಬಸಾಕ ಕೋತಂಬರಿ ಒಂದೀಟು ತಿಕ್ಕಿ, ವಾಸನಿ ಬಿಡಿಸಿ ಇಡ್ರಿ. ಇಟ್ಟು ದೂರ ಸರೀರಿ. ಮೊಬೈಲ್ ಲೈಟ್ ಹಾಕಿ ಬಗ್ಗಿ ನೋಡೋ ನೀವು ಅದರ ಕಣ್ಣಿಗೆ ತ್ವಾಳನ ಹಂಗ ಕಾಣತೀರಿ.

ಹಲ್ಲು ಕಟಕಟ ಕಡಿಯಾಕತ್ತೈತಿ ಅಂದ್ರ ನೋವೈತಿ ಅಂತ ತಿಳೀರಿ. ಡಾಕ್ಟರ್ ಕೊಟ್ಟ ನೋವಿನ ಔಷಧ ಹೊತ್ತಿಗೆ ಸರಿ ಹಾಕ್ರಿ (ನಿಮ್ಮ ಡಬ್ಬಿ ಗುಳಿಗಿ ಮುಟ್ಟಬ್ಯಾಡ್ರಿ!). ಅವರು ಹೂಂ ಅಂದ್ರ, ಪೆಲೆಟ್ ಉಗುರುಬೆಚ್ಚಗಿನ ನೀರಾಗ ಕಲಿಸಿ, ಸಿರಿಂಜಿನಿಂದ ಬಾಯಿ ಮಗ್ಗಲಿಂದ ಹನಿಹನಿ. ಕೂಸಿನಂಗ ಅಂಗಾತ ಮಲಗಿಸಿ ಹಾಕಿದ್ರ ಸೀದಾ ಪುಪ್ಪುಸಕ್ಕ ಹೋದೀತು. ಹೊಟ್ಟಿ ಉಬ್ಬಿ ಬಿರುಸಾಗಿದ್ರ ಸಿರಿಂಜ್ ಮುಟ್ಟೂದ ಬ್ಯಾಡ, ದವಾಖಾನಿಗೆ ಓಡ್ರಿ.

ಇನ್ನ ನಿಮ್ಮ ಖರೇ ಕೆಲಸ: ಹಿಕ್ಕಿ ಎಣಸೂದು. ನಗಬ್ಯಾಡ್ರಿ, ಗಿರಣಿ ಚಾಲೂ ಆತು ಅನ್ನಾಕ ಅದs ಸಾಕ್ಷಿ. (ಮೆತ್ತಗಿನ ಹಿಕ್ಕಿ ತಾನ ತಿರುಗಿ ತಿಂತೈತಿ. ಮುಖ ಯಾಕ ಕಿವುಚತೀರಿ? ಫ್ರಿಜ್ಜಿನಾಗ ಮೂರು ದಿನದ ಪಲ್ಯ ಇಟ್ಟವರು ಯಾರು?)

ಬೆಳಗಾಗೂದರಾಗ ಮೂಲ್ಯಾಗ ನಾಲ್ಕು ದುಂಡನ ಹಿಕ್ಕಿ ಬಿದ್ದಿರತಾವು. ನೀವು ಓಣಿ ತುಂಬ ಪೇಢೆ ಹಂಚತೀರಿ, ಬೆಟ್ ಕಟ್ರಿ ಬೇಕಾದ್ರ. ಮಗ ದಹಾವಿ ಪಾಸಾದಾಗ ಅರ್ಧ ಕಿಲೋದಾಗ ಮುಗಿಸಿದವರು ನೀವs! ಹಂಚ್ರಿ, ಹಂಚ್ರಿ. ಮೊಲಕ್ಕೊಂದು ಕೊಡಬ್ಯಾಡ್ರಿ ಅಷ್ಟ.